ಮನೆಯ ಸಣ್ಣ ಕಾರಿನಲ್ಲಿ ಡ್ರ್ಯಾಗ್ ರೇಸ್: ಕಲಬುರಗಿ, ಬೀದರ್, ಯಾದಗಿರಿಯಿಂದ ಹೊರಡುವವರಿಗೆ ಸಮಗ್ರ ಮಾರ್ಗದರ್ಶಿ

ನಿಂತ ಕಾರು ನೇರ ದಾರಿಯಲ್ಲಿ ಕಾಲು ಮೈಲಿಯನ್ನು, ಅಂದರೆ 402 ಮೀಟರನ್ನು, ಎಷ್ಟು ಬೇಗ ದಾಟುತ್ತದೆ ಎಂಬುದೇ ಡ್ರ್ಯಾಗ್ ರೇಸ್. ಕೆಲವು ಸ್ಪರ್ಧೆಗಳಲ್ಲಿ ದೂರ ಅದರ ಅರ್ಧ, 201 ಮೀಟರ್ ಮಾತ್ರ. ತಿರುವುಗಳಿಲ್ಲದ ಈ ಆಟದಲ್ಲಿ ಇಂಜಿನ್ನಿನ ಬಲವೊಂದಿದ್ದರೆ ಸಾಕೆಂದು ನೋಡುವವರಿಗೆ ಅನ್ನಿಸುವುದು ಸಹಜ. ಆದರೆ ಕಂಪನಿಯಿಂದ ಬಂದಂತೆಯೇ ಇರುವ ಸ್ವಿಫ್ಟ್, ಐ20, ಪೋಲೊ, ಆಲ್ಟ್ರೋಜ್‌ಗಳ ವಿಭಾಗದಲ್ಲಿ ಒಂದೇ ಮಾದರಿಯ ಎರಡು ಕಾರುಗಳ ಇಂಜಿನ್ ಬಲದಲ್ಲಿ ಹೆಚ್ಚು ಅಂತರವಿರುವುದಿಲ್ಲ. ಅವುಗಳ ನಡುವೆ ಅರ್ಧ ಸೆಕೆಂಡಿನ ವ್ಯತ್ಯಾಸ ಬಂದರೆ ಅದು ಬಹುಪಾಲು ಮೊದಲ 18 ಮೀಟರಿನಲ್ಲಿ, ಚಾಲಕರ ಎಡಗಾಲಿನಲ್ಲಿ ಹುಟ್ಟಿದ್ದಾಗಿರುತ್ತದೆ. ಆದ್ದರಿಂದ ಈ ಮಾರ್ಗದರ್ಶಿಯಲ್ಲಿ ಇಂಜಿನ್ ಬಲ ಹೆಚ್ಚಿಸುವ ಬಿಡಿಭಾಗಗಳಿಗೆ ಹಣ ಹಾಕುವ ಮಾತು ಬರುವುದಿಲ್ಲ. ಹುಣ್ಣಿಮೆಗೆ ಮನೆಯವರನ್ನು ಗಾಣಗಾಪುರಕ್ಕೆ ಕರೆದೊಯ್ಯುವ ಅದೇ ಕಾರನ್ನು ಟ್ರ್ಯಾಕಿಗೆ ಒಯ್ದು, ಓಡಿಸಿ, ಅದರಲ್ಲಿಯೇ ಕುಳಿತು ಊರಿಗೆ ಮರಳಬೇಕಾದವರನ್ನು ಮನಸ್ಸಿನಲ್ಲಿಟ್ಟು ಇದನ್ನು ಬರೆಯಲಾಗಿದೆ.

ಎಲ್ಲಿ ಓಡಿಸಬೇಕು, ಎಲ್ಲಿ ಕೂಡದು

ನಮ್ಮ ಮೂರು ಜಿಲ್ಲೆಗಳಲ್ಲಿ ಕಾಯಂ ಡ್ರ್ಯಾಗ್ ಟ್ರ್ಯಾಕ್ ಇಲ್ಲ. ಹಾಗೆಂದು ಕಲಬುರಗಿಯ ರಿಂಗ್ ರಸ್ತೆಯಲ್ಲಾಗಲಿ, ಹುಮನಾಬಾದ್ ಕಡೆಯ ಹೆದ್ದಾರಿಯಲ್ಲಾಗಲಿ ರಾತ್ರಿ ಹೊತ್ತು ಕಾರು ಬಿಟ್ಟು ನೋಡುವುದು ಅಭ್ಯಾಸವಲ್ಲ, ಅಪರಾಧ. ಸರ್ಕಾರದ ಅನುಮತಿಯಿಲ್ಲದೆ ಸಾರ್ವಜನಿಕ ಸ್ಥಳದಲ್ಲಿ ರೇಸ್ ನಡೆಸಿದರೆ ಅಥವಾ ವೇಗ ಪರೀಕ್ಷೆ ಮಾಡಿದರೆ, 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 189ನೇ ಸೆಕ್ಷನ್ ಪ್ರಕಾರ ಮೊದಲ ಸಲ 3 ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಮತ್ತೆ ಸಿಕ್ಕಿಬಿದ್ದರೆ ಅದು 1 ವರ್ಷ ಮತ್ತು 10,000 ರೂಪಾಯಿವರೆಗೆ ಏರುತ್ತದೆ. ದೀಪವಿಲ್ಲದ ಟ್ರ್ಯಾಕ್ಟರ್ ಟ್ರಾಲಿ, ತೊಗರಿ ಹೇರಿಕೊಂಡ ಲಾರಿ, ರಸ್ತೆಗೆ ಅಡ್ಡ ಬರುವ ಎಮ್ಮೆ ಇವುಗಳಿಗೆ ಸೆಕ್ಷನ್ ಗೊತ್ತಿರುವುದಿಲ್ಲ. ಶ್ರೀನಿವಾಸ ಸರಡಗಿಯ ವಿಮಾನ ನಿಲ್ದಾಣದ 3,175 ಮೀಟರ್ ಉದ್ದದ ರನ್‌ವೇ ಕಂಡು ಬಾಯಿ ಚಪ್ಪರಿಸುವ ಹುಡುಗರೂ ಇದ್ದಾರೆ. ಅದು 2019ರ ನವೆಂಬರ್‌ನಿಂದ ವಿಮಾನಗಳಿಗೆ ಮೀಸಲು, ಅದರ ಆಸೆ ಬಿಡಬೇಕು.

ದಕ್ಷಿಣಕ್ಕೆ ಹೋಗುವುದಾದರೆ ಚೆನ್ನೈ ಬಳಿಯ ಇರುಂಗಾಟ್ಟುಕೋಟೈ ಟ್ರ್ಯಾಕ್ ಮತ್ತು ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ ಇವೆ. ಪಶ್ಚಿಮಕ್ಕೆ ಲೋಣಾವಳಾ ಸಮೀಪದ ಆಂಬಿ ವ್ಯಾಲಿಯ ರನ್‌ವೇ ಮೇಲೆ ಡ್ರ್ಯಾಗ್ ಸ್ಪರ್ಧೆಗಳು ನಡೆದಿವೆ. ನಮ್ಮ ಕಡೆಯವರಿಗೆ ಈ ಪಶ್ಚಿಮದ ದಾರಿಯೇ ಅನುಕೂಲ. ಕಲಬುರಗಿಯವರು ಅಕ್ಕಲಕೋಟೆ, ಸೊಲ್ಲಾಪುರದ ಮೇಲೆ ಪುಣೆ ತಲುಪಬಹುದು. ಬೀದರ್‌ನವರು ಹುಮನಾಬಾದಿನಲ್ಲಿ 65ನೇ ರಾಷ್ಟ್ರೀಯ ಹೆದ್ದಾರಿ ಹಿಡಿದರೆ ಅದೇ ಹೆದ್ದಾರಿ ಸೊಲ್ಲಾಪುರ ದಾಟಿಸಿ ಪುಣೆಗೆ ಮುಟ್ಟಿಸುತ್ತದೆ. ಹಿಂದಿನ ದಿನವೇ ಹೋಗಿ ತಂಗುವುದು ಒಳ್ಳೆಯದು, ಏಕೆಂದರೆ ಹಗಲೆಲ್ಲ ಹೆದ್ದಾರಿಯಲ್ಲಿ ಕುಳಿತ ಕಾಲು ಸಂಜೆ ಕ್ಲಚ್ಚಿನ ಮೇಲೆ ಹದ ತೋರುವುದಿಲ್ಲ.

ಕಾಗದಪತ್ರ ಮತ್ತು ವಿಭಾಗ

ಭಾರತದಲ್ಲಿ ಮೋಟಾರ್ ಕ್ರೀಡೆಯ ಆಡಳಿತ ಫೆಡರೇಶನ್ ಆಫ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಸ್ ಆಫ್ ಇಂಡಿಯಾದ ಕೈಯಲ್ಲಿದೆ. ಅದರ ಮಾನ್ಯತೆ ಪಡೆದ ಸ್ಪರ್ಧೆಯನ್ನೇ ಆರಿಸಿಕೊಳ್ಳಬೇಕು ಮತ್ತು ಅದಕ್ಕೆ ಬೇಕಾದ ಸ್ಪರ್ಧಾ ಲೈಸೆನ್ಸನ್ನು ಮುಂಚಿತವಾಗಿಯೇ ಪಡೆಯಬೇಕು. ವಿಭಾಗಗಳನ್ನು ಸಾಮಾನ್ಯವಾಗಿ ಇಂಜಿನ್ ಸಿಸಿ, ಇಂಧನ ಮತ್ತು ಮಾರ್ಪಾಡಿನ ಮಟ್ಟ ನೋಡಿ ಮಾಡುತ್ತಾರೆ. ಸ್ಪರ್ಧೆಯ ನಿಯಮಾವಳಿಯಲ್ಲಿ ಸ್ಟಾಕ್ (ಕಂಪನಿಯಿಂದ ಬಂದಂತೆಯೇ ಇರುವ ಕಾರುಗಳ) ವಿಭಾಗಕ್ಕೆ ಏನೇನು ಬಿಚ್ಚಬಹುದು, ಏನನ್ನು ಮುಟ್ಟಬಾರದು ಎಂಬ ಭಾಗವನ್ನು ಎರಡು ಸಲ ಓದಬೇಕು. ಬೇರೆ ಏರ್ ಫಿಲ್ಟರ್ ಹಾಕಿದ್ದಕ್ಕೇ ಮಾರ್ಪಡಿಸಿದ ವಿಭಾಗಕ್ಕೆ ತಳ್ಳಿಸಿಕೊಂಡರೆ ಅಲ್ಲಿ 200 ಅಶ್ವಶಕ್ತಿಯ ಕಾರುಗಳು ಕಾದಿರುತ್ತವೆ. ವಿಮೆಯ ಪಾಲಿಸಿಯಲ್ಲಿ ರೇಸ್ ಮತ್ತು ವೇಗ ಪರೀಕ್ಷೆಯನ್ನು ಹೊರಗಿಟ್ಟ ಷರತ್ತು ಇದ್ದೇ ಇರುತ್ತದೆ, ಆದ್ದರಿಂದ ಟ್ರ್ಯಾಕಿನಲ್ಲಿ ಕಾರಿಗೆ ಆಗುವ ನಷ್ಟ ನಿಮ್ಮದೇ ಎಂದು ತಿಳಿದು ಹೊರಡಬೇಕು. ಮುಖವೆಲ್ಲ ಮುಚ್ಚುವ ಒಳ್ಳೆಯ ಹೆಲ್ಮೆಟ್, ಹತ್ತಿಯ ಉದ್ದ ತೋಳಿನ ಅಂಗಿ, ತೆಳು ಅಟ್ಟೆಯ ಬೂಟು ಇವು ಬೇಕು. ಚಪ್ಪಲಿಯಲ್ಲಿ ಬಂದವರನ್ನು ತಪಾಸಣೆಯಲ್ಲಿಯೇ ನಿಲ್ಲಿಸುತ್ತಾರೆ.

ಊರಿನಲ್ಲಿ ಕಾರಿನ ಸಿದ್ಧತೆ

ವಾಡಿ, ಸೇಡಂ, ಚಿತ್ತಾಪುರದ ಕಡೆ ಓಡಾಡುವ ಕಾರಿನ ಏರ್ ಫಿಲ್ಟರನ್ನು ಒಮ್ಮೆ ಬಿಚ್ಚಿ ನೋಡಿದರೆ ಸಾಕು, ಸಿದ್ಧತೆ ಎಲ್ಲಿಂದ ಶುರುವಾಗಬೇಕು ಎಂಬುದು ತಿಳಿಯುತ್ತದೆ. ಸಿಮೆಂಟ್ ಕಾರ್ಖಾನೆಗಳ ಮತ್ತು ಪರಸಿ ಕಲ್ಲಿನ ಗಣಿಗಳ ನುಣ್ಣನೆಯ ಬಿಳಿ ಧೂಳು ಕಾಗದದ ಮಡಿಕೆಗಳಲ್ಲಿ ಹಿಟ್ಟಿನಂತೆ ಕೂತಿರುತ್ತದೆ. ಅದನ್ನು ಹವಾ ಹೊಡೆದು ಕೊಡವಿ ಮರಳಿ ಹಾಕುವ ರೂಢಿ ನಮ್ಮ ಗ್ಯಾರೇಜುಗಳಲ್ಲಿದೆ. ರೇಸಿಗೆ ಹೊರಡುವಾಗ ಹಾಗೆ ಮಾಡದೆ ಕಂಪನಿಯದೇ ಹೊಸ ಫಿಲ್ಟರ್ ಹಾಕಿಸಬೇಕು. ಇಂಜಿನ್ ಆಯಿಲ್ ಕಂಪನಿ ಹೇಳಿದ ದರ್ಜೆಯದೇ ಇರಲಿ, ಮಟ್ಟ ಸರಿಯಿರಲಿ. ಸ್ಪಾರ್ಕ್ ಪ್ಲಗ್ಗುಗಳ ಆಯುಷ್ಯ ಮುಗಿಯುತ್ತ ಬಂದಿದ್ದರೆ ಬದಲಿಸಬೇಕು. ಕೂಲಂಟ್ ನೋಡಬೇಕು, ಬ್ಯಾಟರಿಯ ಕ್ಲಾಂಪು ಅಲುಗದಂತೆ ಬಿಗಿಯಬೇಕು.

ಕ್ಲಚ್ ಪರೀಕ್ಷೆಯನ್ನು ಮಾತ್ರ ಮಿಸ್ತ್ರಿಯ ಬಾಯಿಮಾತಿಗೆ ಬಿಡದೆ ನೀವೇ ಮಾಡಬೇಕು. ಖಾಲಿ ರಸ್ತೆಯಲ್ಲಿ, ವೇಗಮಿತಿಯೊಳಗೆ, ಮೂರನೆಯ ಗೇರಿನಲ್ಲಿ ಗಂಟೆಗೆ 40 ಕಿಲೋಮೀಟರಿನಲ್ಲಿ ಹೋಗುವಾಗ ಎಕ್ಸಲರೇಟರನ್ನು ಪೂರ್ತಿ ಒತ್ತಿ ನೋಡಿ. ಆರ್‌ಪಿಎಂ (ಇಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ಸುತ್ತುತ್ತದೆ ಎಂಬ ಲೆಕ್ಕ) ಮುಳ್ಳು ಮತ್ತು ವೇಗದ ಮುಳ್ಳು ಜೊತೆಜೊತೆಗೆ ಏರಿದರೆ ಕ್ಲಚ್ ಗಟ್ಟಿಯಿದೆ. ಆರ್‌ಪಿಎಂ ಮಾತ್ರ ಮುಂದೆ ನೆಗೆದು ವೇಗ ಹಿಂದುಳಿದರೆ ಕ್ಲಚ್ ಪ್ಲೇಟ್ ಜಾರುತ್ತಿದೆ ಎಂದರ್ಥ. ಅಂಥ ಕಾರನ್ನು ಟ್ರ್ಯಾಕಿಗೆ ಒಯ್ದರೆ ಮರಳಿ ಬರುವುದು ಟೋಯಿಂಗ್ ಲಾರಿಯ ಮೇಲೆಯೇ. ಮುಂದಿನ ಗಾಲಿಗಳ ಒಳಬದಿಯಲ್ಲಿ ಡ್ರೈವ್‌ಶಾಫ್ಟ್ ತುದಿಯ ರಬ್ಬರ್ ಬೂಟುಗಳು ಹರಿದು ಗ್ರೀಸ್ ಸಿಡಿದಿದೆಯೇ ಎಂದು ಟಾರ್ಚ್ ಹಿಡಿದು ನೋಡಬೇಕು, ಏಕೆಂದರೆ ನಿಂತಲ್ಲಿಂದ ಜಿಗಿಯುವಾಗ ಹೆಚ್ಚಿನ ಪೆಟ್ಟು ಬೀಳುವುದು ಅಲ್ಲಿಗೇ.

ಟೈರಿನ ಪಕ್ಕದಲ್ಲಿ ತಯಾರಾದ ವಾರ ಮತ್ತು ವರ್ಷವನ್ನು ಸೂಚಿಸುವ ನಾಲ್ಕು ಅಂಕಿಗಳಿರುತ್ತವೆ; 2322 ಎಂದಿದ್ದರೆ ಅದು 2022ರ 23ನೇ ವಾರದ್ದು. ನಮ್ಮ ಬೇಸಿಗೆಯಲ್ಲಿ ಬಿಸಿಲಿಗೆ ನಿಂತು ನಿಂತು ಗಟ್ಟಿಯಾದ ಹಳೆಯ ರಬ್ಬರಿಗೆ, ಮೇಲ್ನೋಟಕ್ಕೆ ಗೆರೆಗಳು ಆಳವಾಗಿ ಕಂಡರೂ, ಹಿಡಿತ ಇರುವುದಿಲ್ಲ. ಇಡೀ ಕಾರಿಗೆ ಒಂದೇ ಒಂದು ಖರ್ಚು ಮಾಡಬೇಕೆಂದಿದ್ದರೆ ಅದು ಮುಂದಿನ ಎರಡು ಟೈರುಗಳಿಗೆ ಆಗಲಿ.

ಇಂಧನದ ವಿಚಾರ ಚಿಕ್ಕದು. ಟರ್ಬೊ (ಇಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಸಾಧನ) ಇಲ್ಲದ 1.2 ಲೀಟರ್ ಇಂಜಿನ್ನಿಗೆ ದುಬಾರಿ ಪೆಟ್ರೋಲಿನಿಂದ ಹೇಳಿಕೊಳ್ಳುವ ಲಾಭವಿಲ್ಲ. ಸಣ್ಣ ಟರ್ಬೊ ಇಂಜಿನ್ ಮಾತ್ರ ಬಿಸಿಲಿನ ದಿನ 95 ಆಕ್ಟೇನ್ ಪೆಟ್ರೋಲಿನಲ್ಲಿ ತನ್ನ ಪಿಕಪ್ಪನ್ನು ಕೊಂಚ ಹೆಚ್ಚು ಉಳಿಸಿಕೊಳ್ಳಬಹುದು.

ಟ್ರ್ಯಾಕ್ ತಲುಪಿದ ಮೇಲೆ

ಸ್ಟೆಪ್ನಿ, ಜ್ಯಾಕ್, ಪಾನಾಗಳನ್ನು ಊರಿನಲ್ಲಿಯೇ ಬಿಟ್ಟು ಬರುವ ಸಾಹಸ ಬೇಡ, ದಾರಿಯಲ್ಲಿ ಅವು ಬೇಕು. ತಪಾಸಣೆಗೆ ಹೋಗುವ ಮೊದಲು ಡಿಕ್ಕಿಯನ್ನು ಪೂರ್ತಿ ಬರಿದು ಮಾಡಿ, ನಿಯಮ ಒಪ್ಪುವ ಎಲ್ಲವನ್ನೂ ಇಳಿಸಿ ಒಂದು ತಾಡಪತ್ರಿಯ ಮೇಲೆ ಇಟ್ಟರಾಯಿತು. ಟ್ಯಾಂಕಿನಲ್ಲಿ ಕಾಲು ಭಾಗ ಪೆಟ್ರೋಲ್ ಸಾಕು. 37 ಲೀಟರಿನ ಟ್ಯಾಂಕನ್ನು ತುಂಬಿಸುವುದಕ್ಕೂ ಕಾಲು ಭಾಗ ಇಟ್ಟುಕೊಳ್ಳುವುದಕ್ಕೂ ಸುಮಾರು 20 ಕಿಲೋ ಅಂತರವಿದೆ. ಸ್ಟೆಪ್ನಿ, ಸಾಮಾನು, ಪೆಟ್ರೋಲ್ ಸೇರಿ 50 ಕಿಲೋ ಇಳಿದರೆ, ಚಾಲಕರೂ ಸೇರಿ 1,000 ಕಿಲೋ ತೂಗುವ, 18 ಸೆಕೆಂಡಿನ ಆಸುಪಾಸಿನಲ್ಲಿ ಓಡುವ ಕಾರಿಗೆ ಸ್ಥೂಲ ಲೆಕ್ಕದಲ್ಲಿ 0.3 ಸೆಕೆಂಡ್ ಲಾಭ. ಇಷ್ಟನ್ನು ಇಂಜಿನ್ನಿನಿಂದ ಪಡೆಯಬೇಕಾದರೆ ಕೈ ಬಿಸಿಯಾಗುವಷ್ಟು ಖರ್ಚಾಗುತ್ತದೆ.

ಸೀಟಿನ ಕೆಳಗೆ ಕೈ ಹಾಕಿ ನೀರಿನ ಬಾಟಲಿ ಉಳಿದಿದೆಯೇ ನೋಡಬೇಕು. ಅದು ಬ್ರೇಕ್ ಪೆಡಲಿನಡಿ ಉರುಳಿ ಬರುವುದು ಕಡೆಯ ಗೆರೆ ದಾಟಿದ ಮೇಲೆಯೇ. ಚಾಲಕರ ಬದಿಯ ಸಡಿಲ ಮ್ಯಾಟನ್ನೂ ತೆಗೆದುಬಿಡಬೇಕು.

ಟೈರಿನ ಹವಾ ಕಡೆಗೆ ಇಲ್ಲಿ ಗಮನ ಕೊಡಬೇಕು. ಕಂಪನಿ 32 ಪಿಎಸ್‌ಐ ಹೇಳಿದ್ದರೆ ಮುಂದಿನ ಎರಡಕ್ಕೆ 28ರಿಂದ ಶುರು ಮಾಡಿ, ಹಿಂದಿನ ಎರಡಕ್ಕೆ 36ರಿಂದ 38ರವರೆಗೆ, ಟೈರಿನ ಮೇಲೆ ಬರೆದ ಗರಿಷ್ಠ ಮಿತಿ ಮೀರದಂತೆ ಏರಿಸಬಹುದು. ಮುಂದಿನವು ನೆಲಕ್ಕೆ ಹೆಚ್ಚು ಅಗಲವಾಗಿ ಕೂರುತ್ತವೆ, ಹಿಂದಿನವು ಹಗುರಾಗಿ ಉರುಳುತ್ತವೆ. ಮುಂದೆ 25ಕ್ಕಿಂತ ಕೆಳಗೆ ಇಳಿಸಿದರೆ ಟೈರಿನ ಗೋಡೆ ಮಡಚಿ, ಕಾರು ಆಚೆಈಚೆ ಎಳೆಯತೊಡಗುತ್ತದೆ. ಅಳೆಯುವ ಗೇಜ್ ನಿಮ್ಮದೇ ಇರಬೇಕು, ಪೆಟ್ರೋಲ್ ಪಂಪಿನ ಗೇಜುಗಳು ಒಂದಕ್ಕೊಂದು ಹೊಂದುವುದಿಲ್ಲ.

ದೀಪಗಳ ಕಂಬ ಮತ್ತು ಗೆರೆಗೆ ನಿಲ್ಲುವ ಕ್ರಮ

ಸರದಿ ಬರುವ ಮೊದಲೇ ಎ.ಸಿ. ಆರಿಸಬೇಕು. ಇಂಜಿನ್ ಮೇಲಿನ ಹೊರೆ ಇಳಿಯುವುದು ಒಂದು ಕಾರಣ, ಎ.ಸಿ.ಯಿಂದ ಹೊರಡುವ ಗೆರೆಯ ಮೇಲೆ ತೊಟ್ಟಿಕ್ಕುವ ನೀರು ನಿಮ್ಮ ಹಿಡಿತವನ್ನೂ ಮುಂದಿನವರ ಹಿಡಿತವನ್ನೂ ಕೆಡಿಸುವುದು ಇನ್ನೊಂದು. ಟ್ರ್ಯಾಕ್ಷನ್ ಕಂಟ್ರೋಲಿಗೆ (ಗಾಲಿ ಜಾರಿ ಸುತ್ತದಂತೆ ಇಂಜಿನ್ ಬಲ ತಗ್ಗಿಸುವ ವ್ಯವಸ್ಥೆಗೆ) ಬಟನ್ ಇದ್ದರೆ ಅದನ್ನೂ ಆರಿಸಬೇಕು. ಗೆರೆಗಿಂತ ಹಿಂದೆ ಗಾಲಿ ಸುತ್ತಿಸಿ ಟೈರ್ ಕಾಯಿಸಲು ನೀರು ಹಾಕಿದ ಜಾಗವಿದ್ದರೆ ಅದರ ಪಕ್ಕದಿಂದ ಸುತ್ತಿಕೊಂಡು ಹೋಗಬೇಕೇ ಹೊರತು ಅದರೊಳಗೆ ಇಳಿಯಬಾರದು. ರಸ್ತೆ ಟೈರಿನ ಗೆರೆಗಳು ನೀರನ್ನು ಹೊತ್ತು ತಂದು ಸರಿಯಾಗಿ ಹೊರಡುವ ಜಾಗದಲ್ಲಿಯೇ ಚೆಲ್ಲುತ್ತವೆ. ಒಣ ನೆಲದ ಮೇಲೆ ಹ್ಯಾಂಡ್ ಬ್ರೇಕ್ ಎಳೆದು ಮುಂದಿನ ಗಾಲಿಗಳನ್ನು ಕ್ಷಣಕಾಲ ತಿರುಗಿಸಿ ಮಣ್ಣು, ಹರಳು ಕೊಡವಿದರೆ ಸಾಕು. ಹೊಗೆ ಎಬ್ಬಿಸಿದರೆ ಜನ ಕೇಕೆ ಹಾಕುತ್ತಾರೆ ನಿಜ, ಆದರೆ ಅತಿಯಾಗಿ ಕಾದ ರಸ್ತೆ ಟೈರು ಎಣ್ಣೆ ಸವರಿದಂತೆ ಜಾರುತ್ತದೆ.

ಎದುರಿಗಿರುವ ಕಂಬದ ಮೇಲ್ತುದಿಯಲ್ಲಿ ಎರಡು ಹಂತದ ಸಣ್ಣ ದೀಪಗಳಿರುತ್ತವೆ. ಮುಂದಿನ ಗಾಲಿ ಮೊದಲ ಬೆಳಕಿನ ಕಿರಣವನ್ನು ತಡೆದಾಗ ಪ್ರೀ-ಸ್ಟೇಜ್ ದೀಪ, ಅಂಗುಲಗಳಷ್ಟು ಮುಂದಿರುವ ಎರಡನೆಯದನ್ನು ತಡೆದಾಗ ಸ್ಟೇಜ್ ದೀಪ ಹೊತ್ತುತ್ತದೆ. ಎರಡನೆಯದು ಹೊತ್ತಿದ ಕೂಡಲೇ ನಿಲ್ಲಬೇಕು, ಕೂದಲೆಳೆಯಷ್ಟೂ ಮುಂದೆ ಹೋಗಬಾರದು. ಏಕೆಂದರೆ ಗಡಿಯಾರ ಓಡತೊಡಗುವುದು ಹಸಿರು ದೀಪಕ್ಕಲ್ಲ, ನಿಮ್ಮ ಗಾಲಿ ಆ ಕಿರಣವನ್ನು ಬಿಟ್ಟು ಹೊರಬಂದಾಗ. ಕಿರಣದ ಅಂಚಿನಲ್ಲಿಯೇ ನಿಂತರೆ ಗಡಿಯಾರ ಶುರುವಾಗುವ ಮೊದಲು ಗಾಲಿಗೆ ಸುಮಾರು ಒಂದು ಅಡಿ ಉರುಳುವ ಅವಕಾಶ ಸಿಗುತ್ತದೆ, ಆಗ ಕಾರು ಚಲನೆಯಲ್ಲಿಯೇ ಸಮಯದ ಲೆಕ್ಕಕ್ಕೆ ಬೀಳುತ್ತದೆ.

ಆಮೇಲೆ ಮೂರು ಹಳದಿ ದೀಪಗಳು 0.5 ಸೆಕೆಂಡಿನ ಅಂತರದಲ್ಲಿ ಒಂದರ ಕೆಳಗೊಂದು ಹೊತ್ತಿ, ಕಡೆಗೆ ಹಸಿರು ಬರುತ್ತದೆ. ಕೆಲವು ಸ್ಪರ್ಧೆಗಳಲ್ಲಿ ಮೂರೂ ಹಳದಿ ಒಟ್ಟಿಗೆ ಹೊತ್ತಿ 0.4 ಸೆಕೆಂಡಿಗೆ ಹಸಿರು ಬರುತ್ತದೆ. ಒಂದೊಂದಾಗಿ ಹೊತ್ತುವ ಕಂಬದಲ್ಲಿ ಹಸಿರು ಕಂಡ ಮೇಲೆ ಹೊರಡುವವರು ಆಗಲೇ ಹಿಂದೆ ಬಿದ್ದಿರುತ್ತಾರೆ. ಕಣ್ಣು ಕಂಡದ್ದು ಕಾಲಿಗೆ ತಲುಪಿ, ಕಾಲು ಆಡಿಸಿದ್ದು ಗಾಲಿಗೆ ತಲುಪುವಷ್ಟರಲ್ಲಿ ಅರ್ಧ ಸೆಕೆಂಡ್ ಕಳೆದಿರುವುದರಿಂದ, ಸಣ್ಣ ಸ್ಟಾಕ್ ಕಾರಿನಲ್ಲಿ ಮೂರನೆಯ ಹಳದಿ ಹೊತ್ತಿದಾಗಲೇ ಕ್ಲಚ್ ಬಿಡತೊಡಗಬೇಕು. ಅವಸರ ಮಾಡಿ ಹಸಿರಿಗಿಂತ ಮೊದಲೇ ಕಿರಣ ಬಿಟ್ಟರೆ ಕೆಂಪು ದೀಪ, ಓಟ ರದ್ದು.

ಹೊರಡುವ ಕ್ಷಣ

ಕಾರು ಮುಂದಕ್ಕೆ ಜಿಗಿದಾಗ ಅದರ ಭಾರ ಹಿಂದಕ್ಕೆ ವಾಲುತ್ತದೆ. ಹಿಂದೆ ಹೇರು ಹೆಚ್ಚಾದ ಬಂಡಿಯ ಮೂಕಿ ಮೇಲೆದ್ದಂತೆ ಮೂತಿ ಎತ್ತುತ್ತದೆ. ನಮ್ಮ ಸಣ್ಣ ಕಾರುಗಳಲ್ಲಿ ಎಳೆಯುವ ಗಾಲಿಗಳಿರುವುದು ಮುಂದೆ, ಅಂದರೆ ಹಿಡಿತ ಅತಿ ಹೆಚ್ಚು ಬೇಕಾದ ಗಳಿಗೆಯಲ್ಲಿಯೇ ಅವುಗಳ ಮೇಲಿನ ಭಾರ ಕಡಿಮೆಯಾಗಿರುತ್ತದೆ. ಹಾಗಾಗಿ ಇಂಜಿನ್ನನ್ನು 5,000 ಆರ್‌ಪಿಎಂಗೆ ಏರಿಸಿ ಕ್ಲಚ್ಚನ್ನು ಧಡಕ್ಕನೆ ಬಿಡುವ ಶೂರತನದಿಂದ ಗಾಲಿ ಸುತ್ತುತ್ತದೆ, ಮೂತಿ ಕುಣಿಯುತ್ತದೆ, ಇಂಜಿನ್ ಮೌಂಟಿಂಗ್ ಮತ್ತು ಡ್ರೈವ್‌ಶಾಫ್ಟಿಗೆ ಪೆಟ್ಟು ಬೀಳುತ್ತದೆ. ಕಾರು ಮಾತ್ರ ಮುಂದೆ ಹೋಗುವುದಿಲ್ಲ.

ಸರಿಯಾದ ಕ್ರಮ ಹೀಗೆ. ಸ್ಟೇಜ್ ದೀಪ ಹೊತ್ತಿದ ಮೇಲೆ ಹ್ಯಾಂಡ್ ಬ್ರೇಕನ್ನು ಬಟನ್ ಒತ್ತಿ ಹಿಡಿದೇ ಎಳೆದಿಟ್ಟುಕೊಂಡು, ಮೊದಲ ಗೇರಿನಲ್ಲಿ, ಕ್ಲಚ್ಚನ್ನು ಅದು ಕಚ್ಚುವ ಬಿಂದುವಿನವರೆಗೆ ಎತ್ತಬೇಕು. ಆ ಬಿಂದು ಬಂದಾಗ ಇಂಜಿನ್ನಿನ ಸದ್ದು ಒಂದು ಎಳೆ ದಪ್ಪವಾಗುತ್ತದೆ, ಸ್ಟೀರಿಂಗಿನಲ್ಲಿ ಸಣ್ಣ ನಡುಕ ಬರುತ್ತದೆ, ಬಾನೆಟ್ಟಿನ ಅಂಚು ಬೆರಳಿನಷ್ಟು ಕದಲುತ್ತದೆ. ಅಲ್ಲಿಂದ ಕೂದಲಿನಷ್ಟು ಕೆಳಗೆ ಒತ್ತಿ ಹಿಡಿದುಕೊಂಡು, ಟರ್ಬೊ ಇಲ್ಲದ ಪೆಟ್ರೋಲ್ ಕಾರಿನಲ್ಲಿ 2,500ರಿಂದ 3,500 ಆರ್‌ಪಿಎಂ ನಡುವೆ, ಸಣ್ಣ ಟರ್ಬೊ ಕಾರಿನಲ್ಲಿ 2,500ರ ಸುತ್ತ ಎಕ್ಸಲರೇಟರನ್ನು ಸ್ಥಿರವಾಗಿಡಬೇಕು. ಈ ಸ್ಥಿತಿಯಲ್ಲಿ ಹೆಚ್ಚು ಹೊತ್ತು ನಿಂತರೆ ಕ್ಲಚ್ ಸುಟ್ಟ ವಾಸನೆ ಬರುತ್ತದೆ, ಆದ್ದರಿಂದ ಪಕ್ಕದವರೂ ಗೆರೆಗೆ ಬಂದ ಮೇಲೆಯೇ ಇದನ್ನು ಶುರು ಮಾಡಬೇಕು.

ಮೂರನೆಯ ಹಳದಿಗೆ ಹ್ಯಾಂಡ್ ಬ್ರೇಕ್ ಇಳಿಸುವುದು, ಕ್ಲಚ್ಚನ್ನು ಕಚ್ಚುವ ಬಿಂದುವಿನಿಂದ ಒಂದೇ ಹದದಲ್ಲಿ ಸುಮಾರು ಒಂದು ಸೆಕೆಂಡಿನಲ್ಲಿ ಪೂರ್ತಿ ಬಿಡುವುದು, ಬಲಗಾಲನ್ನು ಅದಕ್ಕೆ ಹೊಂದಿ ಒತ್ತುವುದು, ಈ ಮೂರೂ ಒಂದೇ ಕೆಲಸವಾಗಬೇಕು. ಟೈರು ಸಣ್ಣಗೆ ಕಿರುಗುಟ್ಟಿದರೆ ಹದ ಸರಿಯಾಗಿದೆ. ಜೋರಾಗಿ ಕಿರುಚಿದರೆ ಎಕ್ಸಲರೇಟರನ್ನು ಸ್ವಲ್ಪವೇ ಹಿಂದೆಗೆದು ಹಿಡಿತ ಮರಳಿದ ಮೇಲೆ ಒತ್ತಬೇಕು. ಇಂಜಿನ್ ಮುಗ್ಗರಿಸಿ ಆರ್‌ಪಿಎಂ ಕುಸಿದರೆ ಮುಂದಿನ ಓಟದಲ್ಲಿ 300 ಆರ್‌ಪಿಎಂ ಹೆಚ್ಚಿಸಿ ನೋಡಬೇಕು. ಇದರ ಅಭ್ಯಾಸಕ್ಕೆ ಟ್ರ್ಯಾಕೇ ಬೇಕೆಂದಿಲ್ಲ. ಕಚ್ಚುವ ಬಿಂದುವನ್ನು ಕಣ್ಣು ಮುಚ್ಚಿ ಹುಡುಕುವುದನ್ನು ಮನೆಯ ಅಂಗಳದಲ್ಲಿ, ಕಾರು ಕದಲದಂತೆ ಹ್ಯಾಂಡ್ ಬ್ರೇಕ್ ಎಳೆದು ಕಲಿಯಬಹುದು. ಮಾಲೀಕರ ಒಪ್ಪಿಗೆಯಿರುವ ಖಾಸಗಿ ಮೈದಾನ ಸಿಕ್ಕರೆ ಮೊದಲ 20 ಮೀಟರನ್ನು ಮಾತ್ರ ಓಡಿಸಿ ನಿಲ್ಲಿಸಬಹುದು, ಅದಕ್ಕಿಂತ ಮುಂದೆ ಕಲಿಯಬೇಕಾದ್ದು ಕಡಿಮೆ.

ಆಟೊಮ್ಯಾಟಿಕ್ ಕಾರಿನವರು ಎಡಗಾಲಿನಲ್ಲಿ ಬ್ರೇಕ್ ಹಿಡಿದು ಬಲಗಾಲಿನಲ್ಲಿ ಇಂಜಿನ್ ಏರಿಸುವ ಕ್ರಮವನ್ನು ಕೇಳಿರುತ್ತೀರಿ. ಹಲವು ಕಾರುಗಳು ಎರಡೂ ಪೆಡಲ್ ಒತ್ತಿದ್ದನ್ನು ಕಂಡು ಇಂಜಿನ್ ಬಲವನ್ನೇ ಕಡಿದುಬಿಡುತ್ತವೆ, ಡಬಲ್ ಕ್ಲಚ್ ಗೇರ್‌ಬಾಕ್ಸ್ ಬೇಗ ಕಾಯುತ್ತದೆ. ಎಎಂಟಿ (ಕ್ಲಚ್ಚನ್ನೂ ಗೇರನ್ನೂ ತಾನೇ ಆಡಿಸುವ ಮ್ಯಾನ್ಯುಯಲ್ ಗೇರ್‌ಬಾಕ್ಸ್) ಕಾರಾದರೆ ಮ್ಯಾನ್ಯುಯಲ್ ಮೋಡಿನಲ್ಲಿ ಓಡಿಸಬಹುದು, ಆದರೆ ಹೊರಡುವ ಕ್ಷಣ ಅದರ ಕಂಪ್ಯೂಟರಿನ ಮರ್ಜಿಗೆ ಬಿಟ್ಟದ್ದು.

ಗೇರ್ ಬದಲಾವಣೆ ಮತ್ತು ಗೆರೆಯಾಚೆ

ಟರ್ಬೊ ಇಲ್ಲದ ಇಂಜಿನ್ ತನ್ನ ಗರಿಷ್ಠ ಬಲವನ್ನು 6,000 ಆರ್‌ಪಿಎಂ ಸುತ್ತ ಕೊಡುವುದರಿಂದ ಅದನ್ನು ದಾಟಿ, ಕೆಂಪು ಗೆರೆಗೆ ತುಸು ಮುಂಚೆ ಗೇರ್ ಬದಲಿಸಬೇಕು. ಸಣ್ಣ ಟರ್ಬೊಗಳು ಮತ್ತು ಡೀಸೆಲ್‌ಗಳು ಮೇಲಿನ ಆರ್‌ಪಿಎಂನಲ್ಲಿ ಸದ್ದು ಮಾಡುವಷ್ಟು ಎಳೆಯುವುದಿಲ್ಲ; ಟರ್ಬೊ ಪೆಟ್ರೋಲಿನಲ್ಲಿ 5,500ರ ಹತ್ತಿರ, ಡೀಸೆಲ್‌ನಲ್ಲಿ 4,000 ದಾಟಿದ ಕೂಡಲೇ ಬದಲಿಸಿದರೆ ಸಮಯ ಉಳಿಯುತ್ತದೆ. ಒಂದರಿಂದ ಎರಡಕ್ಕೆ ಹೋಗುವಾಗ ಗೇರ್ ಲಿವರನ್ನು ಮುಷ್ಟಿಯಲ್ಲಿ ಹಿಸುಕದೆ ಅಂಗೈಯಿಂದ ನೇರ ಎಳೆಯಬೇಕು. ಎರಡರಿಂದ ಮೂರಕ್ಕೆ ಹೋಗುವಾಗಲಂತೂ ಲಿವರ್ ನಡುವಿಗೆ ಬರಲು ಬಿಡಬೇಕು, ಏಕೆಂದರೆ ಅವಸರದಲ್ಲಿ ಎಡಕ್ಕೆ ಎಳೆದು ಮೊದಲ ಗೇರಿಗೆ ತುರುಕಿದರೆ ಇಂಜಿನ್ ಅಲ್ಲಿಗೇ ಮುಗಿಯಬಹುದು. ಕಡೆಯ ಗೆರೆಯ ಹತ್ತಿರ ನಾಲ್ಕನೆಯ ಗೇರಿಗೆ ಹೋಗಬೇಕೋ ಮೂರರಲ್ಲಿಯೇ ದಾಟಬೇಕೋ ಎಂಬುದನ್ನು ಮೊದಲೇ ನಿರ್ಧರಿಸಿರಬೇಕು.

ಗೆರೆ ದಾಟುವವರೆಗೂ ಕಾಲು ಎತ್ತಬಾರದು, ದಾಟಿದ ಮೇಲೆ ಬ್ರೇಕನ್ನು ಹಂತಹಂತವಾಗಿ ಒತ್ತಬೇಕು. ಪಕ್ಕದ ಕಾರು ಎಲ್ಲಿದೆ ಎಂದು ಖಚಿತವಾಗದೆ ಅದರ ದಾರಿಗೆ ತಿರುಗಬಾರದು. ಟ್ರ್ಯಾಕಿನ ಮೇಲೆ ಹಿಂದಕ್ಕೆ ತಿರುಗಿ ಬರುವುದಂತೂ ಸಲ್ಲದು, ಮಾರ್ಷಲ್‌ಗಳು ತೋರಿದ ಮರಳುದಾರಿಯಲ್ಲಿಯೇ ಬರಬೇಕು.

ಚೀಟಿ ಓದುವುದು

ಪ್ರತಿ ಓಟದ ಬಳಿಕ ಸಮಯದ ಚೀಟಿ ಸಿಗುತ್ತದೆ. ಗೆದ್ದವರು ಅದನ್ನು ಫೋಟೊ ತೆಗೆದು ವಾಟ್ಸಾಪಿಗೆ ಹಾಕುತ್ತಾರೆ, ಸೋತವರು ಮುದುರಿ ಎಸೆಯುತ್ತಾರೆ. ನಿಜವಾಗಿ ಮುಂದಿನ ಓಟದ ಪಾಠವೆಲ್ಲ ಅದರಲ್ಲಿಯೇ ಇರುತ್ತದೆ. ಉದಾಹರಣೆಗೆ 1.2 ಲೀಟರ್ ಕಾರಿನ ಚೀಟಿಯಲ್ಲಿ ಮೊದಲ 18 ಮೀಟರಿಗೆ (ಚೀಟಿಯಲ್ಲಿ 60 ಅಡಿ ಎಂದಿರುತ್ತದೆ) 2.65 ಸೆಕೆಂಡ್, 201 ಮೀಟರಿಗೆ 11.6, 402 ಮೀಟರಿಗೆ 18.1, ಕಡೆಯ ವೇಗ ಗಂಟೆಗೆ 121 ಕಿಲೋಮೀಟರ್ ಇದೆಯೆನ್ನಿ. ಮುಂದಿನ ಓಟದಲ್ಲಿ 60 ಅಡಿಗೆ 2.45 ಬಂದು, ಕಡೆಯ ಸಮಯ 17.85ಕ್ಕೆ ಇಳಿದು, ವೇಗ 121ರಲ್ಲಿಯೇ ನಿಂತರೆ, ಇಂಜಿನ್ ಅಷ್ಟೇ ಇದೆ, ಹೊರಟಿದ್ದು ಸುಧಾರಿಸಿದೆ ಎಂದರ್ಥ. ಕಡೆಯ ವೇಗ ಇಂಜಿನ್ನಿನ ಬಲವನ್ನು ಹೇಳುತ್ತದೆ, 60 ಅಡಿಯ ಸಮಯ ನಿಮ್ಮ ಕಾಲನ್ನು ಹೇಳುತ್ತದೆ. ಇನ್ನೊಂದು ಓಟದಲ್ಲಿ 60 ಅಡಿ ಮೊದಲಿನಷ್ಟೇ ಇದ್ದು ವೇಗ 118ಕ್ಕೆ ಬಿದ್ದಿದ್ದರೆ ಗೇರ್ ಬದಲಿಸುವಾಗ ತಡವಾಗಿರಬೇಕು, ಇಲ್ಲವೇ ಇಂಜಿನ್ ಕಾದಿರಬೇಕು.

ಪ್ರತಿಕ್ರಿಯೆ ಸಮಯ ಬೇರೆ ಲೆಕ್ಕ, ಅದು ಓಟದ ಸಮಯದಲ್ಲಿ ಸೇರುವುದಿಲ್ಲ. ಒಬ್ಬರು 17.9 ಸೆಕೆಂಡಿನಲ್ಲಿ ಓಡಿಯೂ ಹಸಿರಿಗೆ 0.95 ಸೆಕೆಂಡ್ ತಡಮಾಡಿದರೆ ಒಟ್ಟು 18.85, ಇನ್ನೊಬ್ಬರು 18.1ರಲ್ಲಿ ಓಡಿ 0.40ಕ್ಕೆ ಹೊರಟಿದ್ದರೆ ಒಟ್ಟು 18.50. ನಿಧಾನದ ಕಾರು ಮೊದಲು ಗೆರೆ ದಾಟುತ್ತದೆ. ಎದುರಾಳಿಯಿಲ್ಲದೆ ಕೇವಲ ಸಮಯ ಅಳೆಯುವ ಸ್ಪರ್ಧೆಯಾದರೆ ದೀಪಕ್ಕೆ ಆತುರಪಡಬೇಕಿಲ್ಲ.

ಚೀಟಿಯ ಹಿಂದೆ ಟೈರಿನ ಹವಾ, ಹೊರಟ ಆರ್‌ಪಿಎಂ, ಗಂಟೆ ಮತ್ತು ಬಿಸಿಲು ಬರೆದಿಡಬೇಕು, ಮುಂದಿನ ಓಟಕ್ಕೆ ಇವುಗಳಲ್ಲಿ ಒಂದನ್ನು ಮಾತ್ರ ಬದಲಿಸಬೇಕು. ಹವಾ ಮತ್ತು ಆರ್‌ಪಿಎಂ ಎರಡನ್ನೂ ಒಟ್ಟಿಗೆ ಬದಲಿಸಿದರೆ ಲಾಭ ಯಾವುದರಿಂದ ಬಂತೆಂದು ಯಾರೂ ಹೇಳಲಾರರು.

ಬಿಸಿಲು, ಎತ್ತರ ಮತ್ತು ಓಟಗಳ ನಡುವಿನ ಹೊತ್ತು

ಕಾದ ಗಾಳಿ ವಿರಳ. 15 ಡಿಗ್ರಿಯ ಗಾಳಿಗಿಂತ ನಮ್ಮ ಮೇ ತಿಂಗಳ 45 ಡಿಗ್ರಿಯ ಗಾಳಿಯ ಸಾಂದ್ರತೆ ಶೇ 9ರಷ್ಟು ಕಡಿಮೆ, ಟರ್ಬೊ ಇಲ್ಲದ ಇಂಜಿನ್ನಿನ ಬಲವೂ ಹೆಚ್ಚುಕಡಿಮೆ ಅಷ್ಟೇ ಇಳಿಯುತ್ತದೆ. ಸಮುದ್ರಮಟ್ಟದಿಂದ ಸುಮಾರು 450 ಮೀಟರ್ ಎತ್ತರದ ಕಲಬುರಗಿಗಿಂತ ಚೆನ್ನೈನಲ್ಲಿ, ಬಿಸಿಲು ಒಂದೇ ಇದ್ದರೆ, ಗಾಳಿ ಶೇ 5ರಷ್ಟು ದಟ್ಟವಾಗಿರುತ್ತದೆ. ಆದ್ದರಿಂದ ಬೇರೆ ಬೇರೆ ಊರಿನ, ಬೇರೆ ಹೊತ್ತಿನ ಚೀಟಿಗಳನ್ನು ಪಕ್ಕಪಕ್ಕ ಇಟ್ಟು ಕಾರು ಕೆಟ್ಟಿತೆಂದು ಗಾಬರಿಯಾಗಬಾರದು. ಒಂದೇ ದಿನದಲ್ಲಿ ಬೆಳಗಿನ ತಂಪಿನ ಓಟವನ್ನು ತಪ್ಪಿಸಿಕೊಳ್ಳಬಾರದು.

ಓಟ ಮುಗಿದ ಮೇಲೆ ಟರ್ಬೊ ಕಾರನ್ನು ಒಂದೆರಡು ನಿಮಿಷ ಐಡಲ್‌ನಲ್ಲಿಟ್ಟು ಆಮೇಲೆ ಆರಿಸಬೇಕು. ನೆರಳಿನಲ್ಲಿ ಬಾನೆಟ್ ತೆರೆದಿಟ್ಟು, ಸರದಿಯಲ್ಲಿ ಇಂಜಿನ್ ಆರಿಸಿ ಕಾರನ್ನು ಕೈಯಿಂದ ತಳ್ಳಿಕೊಂಡು ಮುಂದೆ ಸಾಗಿದರೆ ಕ್ಲಚ್ಚಿಗೂ ವಿರಾಮ ಸಿಗುತ್ತದೆ. ಕ್ಲಚ್ ವಾಸನೆ ಬಂದ ಓಟದ ಬಳಿಕ ಅರ್ಧ ಗಂಟೆಯಾದರೂ ಬಿಡಬೇಕು. ಮತ್ತೆ ಬಂದರೆ ಆ ದಿನದ ಓಟ ನಿಲ್ಲಿಸಬೇಕು.

ಹೊರಡುವ ಮುನ್ನ ಮುಂದಿನ ಟೈರುಗಳ ಹವಾ ಮರಳಿ 32ಕ್ಕೆ ಏರಿಸಿ, ಹಿಂದಿನವನ್ನು ಇಳಿಸಿ, ಸ್ಟೆಪ್ನಿ ಮತ್ತು ಜ್ಯಾಕನ್ನು ಅವುಗಳ ಜಾಗಕ್ಕೆ ಸೇರಿಸಿ, ಗಾಲಿಯ ನಟ್ಟುಗಳನ್ನು ಪಾನಾ ಹಾಕಿ ನೋಡಬೇಕು. ಕಡಿಮೆ ಹವಾದ ಟೈರಿನಲ್ಲಿ ಸೊಲ್ಲಾಪುರದವರೆಗೆ ಬಂದರೆ ಅದು ಕಾದು ಸಿಡಿಯುವ ಅಪಾಯವಿದೆ. ಊರಿಗೆ ಬಂದ ವಾರದಲ್ಲಿ ಕಾರನ್ನು ರ‍್ಯಾಂಪಿಗೆ ಹತ್ತಿಸಿ ಡ್ರೈವ್‌ಶಾಫ್ಟ್ ಬೂಟು, ಇಂಜಿನ್ ಮೌಂಟಿಂಗ್, ಬ್ರೇಕ್ ಪ್ಯಾಡುಗಳನ್ನು ನೋಡಿಸಿ, ಮೂರನೆಯ ಗೇರಿನ ಕ್ಲಚ್ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಬೇಕು. ಅತಿ ಕಡಿಮೆ ಸಮಯ ಬಂದ ಚೀಟಿಯನ್ನು ಸರ್ವಿಸ್ ಪುಸ್ತಕದೊಳಗೆ ಇಟ್ಟುಕೊಂಡರೆ ಮುಂದಿನ ಸ್ಪರ್ಧೆಯ ಮೊದಲ ಓಟವನ್ನು ಅದರ ಹಿಂದೆ ಬರೆದ ಹವಾ ಮತ್ತು ಆರ್‌ಪಿಎಂನಿಂದಲೇ ಶುರು ಮಾಡಬಹುದು.